ಕಸಿ ಎಂಜಿನ್ನಿಗೆ ತಕ್ಕ ತಲೆ



ಕನ್ನಡ ಪಾಠ ಹೇಳುವ ಮೇಷ್ಟರೊಬ್ಬರು ಮೋಟಾರು ಗಾಡಿಯ ಎಂಜಿನ್ನನ್ನು ಕುರಿತು ಮಾತನಾಡಲು ಹೊರಟರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಸಂಧಿಸಮಾಸಗಳನ್ನು ಬಿಡಿಸಿ ತೋರಿಸುವುದರಲ್ಲೇ ವಯಸ್ಸು ಕಳೆದವನಿಗೆ ಯಂತ್ರವನ್ನು ಬಿಡಿಸಿ ತೋರಿಸುವ ಅಧಿಕಾರ ಎಲ್ಲಿಂದ ಬಂದಿತು ಎಂದು ನೀವು ಕೇಳಿದರೆ ಅದೂ ನ್ಯಾಯವೇ. ಆದರೆ ಈ ವಿಷಯ ನನ್ನ ಮನೆಗೆ ಬಂದದ್ದು ಒಂದು ಶಬ್ದದ ಬೆನ್ನುಹತ್ತಿ. ಬಂದ ಮೇಲೆ ಅದನ್ನು ಅರ್ಧ ತಿಳಿದು ಕಳುಹಿಸಿಬಿಡಲು ಮನಸ್ಸು ಒಪ್ಪಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಊರಿಗೆ ಬಂದಿದ್ದಾಗ ಅವನ ತಂದೆ ಅವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅವರು ಬಹುಕಾಲ ಹಿಟ್ಟಿನ ಗಿರಣಿ ನಡೆಸಿದವರು. ಜಗಲಿಯಲ್ಲಿ ಕುಳಿತವರೇ, “ಮೇಷ್ಟ್ರೆ, ಇವನು ಒಂದು ಹಳೇ ಕಾರಿನ ಎಂಜಿನ್ನಿಗೆ ತಲೆ ಕೊಳ್ಳುತ್ತಾನಂತೆ. ಲಕ್ಷದ ಮಾತು. ಒಂದು ಎಂಜಿನ್ ಆಗಲೇ ಒಡೆದು ಕೂತಿದ್ದಾನೆ. ನೀವಾದರೂ ಬುದ್ಧಿ ಹೇಳಿ” ಎಂದರು. ಹುಡುಗ ತಲೆ ತಗ್ಗಿಸಿಕೊಂಡು, “ಸಾರ್, ಅದು ಹೈಬ್ರಿಡ್ ಎಂಜಿನ್ನು” ಎಂದ. “ಹೈಬ್ರಿಡ್ ಎಂದರೇನಪ್ಪಾ?” ಎಂದು ನಾನು ಕೇಳಿದೆ. ಮಾತು ಅಲ್ಲಿಂದ ಮೊದಲಾಯಿತು.

ಈಗ ಪೇಟೆಯಲ್ಲಿ ಹೈಬ್ರಿಡ್ ಕಾರು ಎಂದರೆ ಪೆಟ್ರೋಲೂ ವಿದ್ಯುತ್ತೂ ಸೇರಿ ನಡೆಸುವ ಕಾರು. ಜಪಾನಿನ ಟೊಯೊಟಾ ಕಂಪನಿ 1997ರಲ್ಲಿ ಪ್ರಿಯಸ್ ಎಂಬ ಕಾರನ್ನು ಹೊರತಂದ ಮೇಲೆ ಆ ಅರ್ಥವೇ ಎಲ್ಲೆಡೆ ಹರಡಿದೆ. ನಮ್ಮ ರೈತರಿಗೆ ಹೈಬ್ರಿಡ್ ಎಂದರೆ ಸಂಕರ ಜೋಳ. ಆದರೆ ಹೋಂಡಾ ಕಾರುಗಳನ್ನು ಬಿಚ್ಚಿ ಕಟ್ಟುವ ಹವ್ಯಾಸಿಗಳ ಬಾಯಲ್ಲಿ ಅದಕ್ಕೆ ಮೂರನೆಯ ಅರ್ಥವಿದೆ: ಒಂದು ಎಂಜಿನ್ನಿನ ಬುಡದ ಮೇಲೆ ಇನ್ನೊಂದು ಎಂಜಿನ್ನಿನ ತಲೆಯನ್ನು ಕೂರಿಸಿದ ಎಂಜಿನ್ನು. ಇದಕ್ಕೆ ಸಂಕರ ಎನ್ನುವುದಕ್ಕಿಂತ ಕಸಿ ಎನ್ನುವುದೇ ಒಪ್ಪುವ ಮಾತು. ಸಂಕರದಲ್ಲಿ ಎರಡು ಬೀಜಗಳ ಗುಣ ಬೆರೆತು ಒಂದಾಗುತ್ತದೆ. ಕಸಿಯಲ್ಲಿ ಹಾಗಲ್ಲ. ನಾಟಿ ಮಾವಿನ ಬುಡಕ್ಕೆ ರಸಪುರಿಯ ಕುಡಿ ಕಟ್ಟಿದರೆ ಬುಡ ಬುಡವಾಗಿಯೇ, ಕುಡಿ ಕುಡಿಯಾಗಿಯೇ ಉಳಿಯುತ್ತವೆ. ನಡುವಣ ಗಾಯದಲ್ಲಿ ರಸ ಹರಿದರೆ ಮರ ಬದುಕುತ್ತದೆ; ಹರಿಯದಿದ್ದರೆ ಒಣಗುತ್ತದೆ. ಈ ಉಪಮಾನವನ್ನು ನೀವು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾದೀತು.

ಎಂಜಿನ್ನಿನಲ್ಲಿ ಬುಡವೆಂದರೆ ಬ್ಲಾಕು. ಅದರೊಳಗೆ ಸಿಲಿಂಡರುಗಳು, ಅವುಗಳಲ್ಲಿ ಮೇಲಕ್ಕೂ ಕೆಳಕ್ಕೂ ಆಡುವ ಪಿಸ್ಟನ್ನುಗಳು, ಪಿಸ್ಟನ್ನಿನ ಆಟವನ್ನು ಕೆಳಗಿನ ಕ್ರ್ಯಾಂಕಿಗೆ ಮುಟ್ಟಿಸುವ ಕನೆಕ್ಟಿಂಗ್ ರಾಡುಗಳು. ತಲೆಯೆಂದರೆ ಸಿಲಿಂಡರ್ ಹೆಡ್ಡು. ಬ್ಲಾಕಿನ ಬಾಯನ್ನು ಮುಚ್ಚುವ ಮುಚ್ಚಳವಷ್ಟೇ ಅಲ್ಲ ಅದು. ಎಂಜಿನ್ನಿನ ಮೂಗೂ ಹೌದು. ಗಾಳಿಯೂ ಪೆಟ್ರೋಲೂ ಒಳಬರುವ ದಾರಿ, ಹೊಗೆ ಹೊರಹೋಗುವ ದಾರಿ, ಆ ದಾರಿಗಳನ್ನು ತೆರೆದು ಮುಚ್ಚುವ ವಾಲ್ವುಗಳು, ವಾಲ್ವುಗಳನ್ನು ಒತ್ತುವ ಕ್ಯಾಮುಗಳು ಎಲ್ಲವೂ ಅಲ್ಲಿಯೇ. ಬೆಂಕಿ ಹೊತ್ತುವ ಚಿಕ್ಕ ಗೂಡು ಕೂಡ ತಲೆಯ ಅಡಿಯಲ್ಲಿಯೇ ಇದೆ. ಆದುದರಿಂದ ತಲೆ ಬದಲಾದರೆ ಉಸಿರಾಟವೇ ಬದಲಾಗುತ್ತದೆ.

ಹೋಂಡಾ ಕಂಪನಿ 1989ರಲ್ಲಿ ಜಪಾನಿನಲ್ಲಿ ಇಂಟೆಗ್ರಾ ಕಾರಿಗೆ ಬಿ-16-ಎ ಎಂಬ ಎಂಜಿನ್ನನ್ನು ಕೂರಿಸಿತು. 1595 ಘನ ಸೆಂಟಿಮೀಟರಿನ ಆ ಪುಟ್ಟ ಎಂಜಿನ್ನು ಟರ್ಬೊ ಇಲ್ಲದೆಯೇ 160 ಅಶ್ವಶಕ್ತಿ ಕೊಟ್ಟಿತು. ಅದರ ಗುಟ್ಟು ತಲೆಯಲ್ಲಿತ್ತು. ಒಂದೊಂದು ಜೋಡಿ ವಾಲ್ವಿಗೆ ಕ್ಯಾಮಿನ ಮೂರು ಉಬ್ಬುಗಳು. ನಿಧಾನದಲ್ಲಿ ಹೊರಗಿನ ಎರಡು ಕೆಲಸ ಮಾಡುತ್ತವೆ. ಸುತ್ತಿನ ವೇಗ ಒಂದು ಮಿತಿಯನ್ನು ಮೀರಿದಾಗ ಎಣ್ಣೆಯ ಒತ್ತಡ ಒಂದು ಪಿನ್ನನ್ನು ತಳ್ಳಿ ಮೂರು ರಾಕರುಗಳನ್ನೂ ಒಟ್ಟಿಗೆ ಬಿಗಿಯುತ್ತದೆ. ಆಗ ನಡುವಣ ಎತ್ತರದ ಉಬ್ಬು ವಾಲ್ವುಗಳನ್ನು ಇನ್ನೂ ಆಳಕ್ಕೆ, ಇನ್ನೂ ಹೆಚ್ಚು ಹೊತ್ತು ತೆರೆಯುತ್ತದೆ. ಇದೇ ವಿಟೆಕ್ ಎಂಬ ವ್ಯವಸ್ಥೆ. ಅದೇ ಮನೆತನದಲ್ಲಿ ವಿಟೆಕ್ ಇಲ್ಲದ ಸಾದಾ ಎಂಜಿನ್ನೂ ಒಂದಿತ್ತು: ಬಿ-18-ಬಿ. ಅದು 1834 ಘನ ಸೆಂಟಿಮೀಟರು. ಅಮೆರಿಕದಲ್ಲಿ ಇಂಟೆಗ್ರಾದ ಎಲ್.ಎಸ್. ಎಂಬ ಸಾಮಾನ್ಯ ಮಾದರಿಗೆ ಅದು ಬರುತ್ತಿತ್ತಾದ್ದರಿಂದ ಹವ್ಯಾಸಿಗಳು ಅದನ್ನು ಎಲ್.ಎಸ್. ಎಂದೇ ಕರೆಯುತ್ತಾರೆ.

ಒಂದಕ್ಕೆ ದೊಡ್ಡ ಹೊಟ್ಟೆ, ಇನ್ನೊಂದಕ್ಕೆ ಒಳ್ಳೆಯ ಮೂಗು. ಎರಡನ್ನೂ ಕೂಡಿಸಿದರೇನು ಎಂದು ಯಾರಿಗಾದರೂ ತೋರುವುದು ಸಹಜ. ಎಲ್.ಎಸ್. ಬುಡಕ್ಕೆ ವಿಟೆಕ್ ತಲೆ ಕಟ್ಟುವ ಕಸುಬು ಅಮೆರಿಕದ ಹವ್ಯಾಸಿಗಳಲ್ಲಿ ಹೀಗೆ ಬೆಳೆಯಿತು.

ನನ್ನ ವಿದ್ಯಾರ್ಥಿ ಮಾಡಿದ್ದೂ ಇದನ್ನೇ. ಟೈಪ್-ಆರ್ ಎಂಬ ಹೆಸರಾಂತ ಇಂಟೆಗ್ರಾದ ತಲೆಯನ್ನು ತಂದು ಹಳೆಯ ಎಲ್.ಎಸ್. ಬುಡದ ಮೇಲೆ ಕೂರಿಸಿದ. ಸಾರ್ವಜನಿಕ ರಸ್ತೆಯಲ್ಲಿ ಅಂಥ ಗಾಡಿ ಓಡಿಸಲು ಅಲ್ಲಿನ ಹೊಗೆಯ ಕಾನೂನು ಅಡ್ಡಿ ಬರುವುದರಿಂದ ಅದನ್ನು ಬೇರೆ ಗಾಡಿಯ ಮೇಲೆ ಹೇರಿಕೊಂಡು ಹೋಗಿ ರೇಸಿನ ಅಂಗಳದಲ್ಲಿ ಮಾತ್ರ ಓಡಿಸುತ್ತಿದ್ದನಂತೆ. ನಾಲ್ಕನೆಯ ತಿಂಗಳು ಒಂದು ರಾಡಿನ ಬೋಲ್ಟು ಹರಿದು, ರಾಡು ಬ್ಲಾಕನ್ನು ತೂತುಮಾಡಿಕೊಂಡು ಹೊರಬಂದಿತು. ಎಣ್ಣೆಯೆಲ್ಲ ಅಂಗಳದ ಮೇಲೆ ಚೆಲ್ಲಿತು. ಹಿಂದೆ ಬರುತ್ತಿದ್ದ ಸ್ನೇಹಿತನ ಕಾರು ಆ ಎಣ್ಣೆಯ ಮೇಲೆ ಜಾರಿ ಎರಡು ಸುತ್ತು ತಿರುಗಿ ಮಣ್ಣಿನಲ್ಲಿ ನಿಂತಿತು. ದೈವವಶಾತ್ ಯಾರಿಗೂ ಏನೂ ಆಗಲಿಲ್ಲ. ತಂದೆಯ ಸಿಟ್ಟು ಹಣದ್ದಲ್ಲ, ಇದರದು ಎಂಬುದು ನನಗೆ ಆಗ ತಿಳಿಯಿತು.

“ಈಗೇನು ಮಾಡುತ್ತೀಯೆ?” ಎಂದೆ. “ಇನ್ನೊಂದು ಎಲ್.ಎಸ್. ಬುಡ ಸಿಕ್ಕಿದೆ ಸಾರ್. ಈ ಸಲ ಟರ್ಬೊ ಹಾಕುತ್ತೇನೆ. ತಲೆ ಮತ್ತೆ ಟೈಪ್-ಆರ್‌ನದೇ ನೋಡಿದ್ದೇನೆ” ಎಂದ. “ನನಗೆ ಅರ್ಥವಾಗುವ ಹಾಗೆ ಹೇಳು. ನನಗೆ ಅರ್ಥವಾದರೆ ನಿಮ್ಮ ತಂದೆಗೆ ನಾನು ಹೇಳುತ್ತೇನೆ” ಎಂದೆ. ಮೂರು ಸಂಜೆ ಅವನು ಹೇಳಿದ, ನಾನು ಕೇಳಿದೆ. ಸ್ಲೇಟು ಬಳಪ ಹಿಡಿದು ಲೆಕ್ಕವನ್ನೂ ಹಾಕಿದೆವು. ಆ ಲೆಕ್ಕವನ್ನೇ ಈಗ ನಿಮ್ಮ ಮುಂದಿಡುತ್ತೇನೆ.

ಮೊದಲು ವೇಗದ ಲೆಕ್ಕ. ಬಿ-16-ಎ ಎಂಜಿನ್ನಿನಲ್ಲಿ ಪಿಸ್ಟನ್ನು ಒಂದು ಬಾರಿಗೆ ಚಲಿಸುವ ದೂರ 77.4 ಮಿಲಿಮೀಟರು. ಎಲ್.ಎಸ್. ಬುಡದಲ್ಲಿ ಅದು 89 ಮಿಲಿಮೀಟರು. ಒಂದು ಸುತ್ತಿಗೆ ಪಿಸ್ಟನ್ನು ಒಮ್ಮೆ ಹತ್ತಿ ಒಮ್ಮೆ ಇಳಿಯಬೇಕಷ್ಟೆ. ಬಿ-16-ಎ ನಿಮಿಷಕ್ಕೆ 8000 ಸುತ್ತು ತಿರುಗಿದಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 20.6 ಮೀಟರು. ಎಲ್.ಎಸ್. ಬುಡಕ್ಕೆ ತಯಾರಕರು ಹಾಕಿದ ಕೆಂಪು ಗೆರೆ 6800ರ ಹತ್ತಿರ. ಆಗ ಅದರ ಪಿಸ್ಟನ್ನಿನ ವೇಗ 20.2 ಮೀಟರು. ನೋಡಿ, ಎರಡೂ ಎಂಜಿನ್ನುಗಳು ತಮ್ಮ ತಮ್ಮ ಮನೆಯಲ್ಲಿ ಹೆಚ್ಚುಕಡಿಮೆ ಒಂದೇ ಮಿತಿಯಲ್ಲಿವೆ. ಎಲ್.ಎಸ್. ಬುಡವನ್ನು ವಿಟೆಕ್ ತಲೆಯ ಆಸೆಗೆ 8000ಕ್ಕೆ ಓಡಿಸಿದರೆ ಪಿಸ್ಟನ್ನಿನ ವೇಗ 23.7 ಮೀಟರಿಗೆ ಏರುತ್ತದೆ. ರಾಡಿನ ಮೇಲೆ ಬೀಳುವ ಎಳೆತ ಸುತ್ತಿನ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಅದು 6800ರಲ್ಲಿದ್ದುದಕ್ಕಿಂತ ನೂರಕ್ಕೆ 38ರಷ್ಟು ಹೆಚ್ಚಾಗುತ್ತದೆ. ಮೊದಲ ಎಂಜಿನ್ನಿನ ಬೋಲ್ಟು ಏಕೆ ಹರಿಯಿತೆಂಬುದು ಸ್ಲೇಟಿನ ಮೇಲೆಯೇ ಬರೆದಿತ್ತು. ಹುಡುಗ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತ.

ಇನ್ನು ಟರ್ಬೊ. ಆಲ್ಫ್ರೆಡ್ ಬ್ಯೂಕಿ ಎಂಬ ಸ್ವಿಸ್ ಎಂಜಿನಿಯರು 1905ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದ. ವ್ಯರ್ಥವಾಗಿ ಹೊರಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು ಅದರ ತತ್ವ. ಅಚ್ಚು ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವುದುಂಟು. ಟರ್ಬೊ ಇಲ್ಲದ ಎಂಜಿನ್ನು ತಾನೇ ಗಾಳಿಯನ್ನು ಎಳೆದುಕೊಳ್ಳಬೇಕು. ಆದ್ದರಿಂದ ಮೂಗು ಎಷ್ಟು ಅಗಲವಿದ್ದರೂ ಸಾಲದು. ಟರ್ಬೊ ಇದ್ದಾಗ ಗಾಳಿಯನ್ನು ಹೊರಗಿನಿಂದ ತುರುಕುತ್ತಾರೆ. ವಾತಾವರಣದ ಒತ್ತಡ ಸುಮಾರು ಒಂದು ಬಾರ್. ಟರ್ಬೊ ಅದಕ್ಕೆ ಅರ್ಧ ಬಾರ್ ಸೇರಿಸಿತೆಂದರೆ, ಬಿಸಿಯಿಂದಾಗುವ ನಷ್ಟ ಕಳೆದು, ಗಾಳಿ ಒಂದೂವರೆ ಪಾಲಿನ ಹತ್ತಿರಕ್ಕೆ ಬಂದಂತೆ. ಸಾದಾ ತಲೆಗೂ ಹೆಸರಾಂತ ತಲೆಗೂ ಉಸಿರಿನಲ್ಲಿರುವ ಅಂತರ ಇದರ ಮುಂದೆ ಚಿಕ್ಕದು.

ಹಾಗೆಂದು ತಲೆ ಹೇಗಿದ್ದರೂ ಆಯಿತು ಎಂದಲ್ಲ. ಒಳ್ಳೆಯ ತಲೆಯಿದ್ದರೆ ಅದೇ ಬಲವನ್ನು ಕಡಿಮೆ ಒತ್ತಡದಲ್ಲಿ ಪಡೆಯಬಹುದು. ಆದರೆ ಬಲ ಈಗ ನಡುವಣ ವೇಗದಲ್ಲಿಯೇ ಸಿಗುವುದರಿಂದ 8000 ಸುತ್ತಿನ ಹಂಬಲ ಬೇಕಿಲ್ಲ, 7000ದೊಳಗೆ ನಿಲ್ಲಿಸಬಹುದು. ವೇಗ ರಾಡನ್ನು ಎಳೆಯುತ್ತದೆ, ಟರ್ಬೊ ರಾಡನ್ನು ಒತ್ತುತ್ತದೆ. ಎರಡನ್ನೂ ಒಮ್ಮೆಗೇ ಬುಡದ ಮೇಲೆ ಹೇರುವುದು ಅವಿವೇಕ.

ಮೂರನೆಯದು ಬೆಂಕಿಗೂಡಿನ ಲೆಕ್ಕ. ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತು, ಒತ್ತಿದ ಗಾಳಿ ಬಿಸಿಯಾಗುತ್ತದೆ. 30 ಡಿಗ್ರಿಯ ಗಾಳಿ ಅರ್ಧ ಬಾರ್ ಒತ್ತಡಕ್ಕೆ ಸಿಕ್ಕಿ 80 ಡಿಗ್ರಿಯ ಸುಮಾರಿಗೆ ಏರಬಹುದು. ಅದಕ್ಕಾಗಿಯೇ ಇಂಟರ್‌ಕೂಲರ್ ಎಂಬ ಜಾಲರಿಯಲ್ಲಿ ಹಾಯಿಸಿ ತಣಿಸುತ್ತಾರೆ. ಆದರೂ ಗಾಳಿ ಅತಿಯಾಗಿ ಬಿಗಿದರೆ ಕಿಡಿಯಿಂದ ಹರಡುವ ಬೆಂಕಿ ಮುಟ್ಟುವ ಮೊದಲೇ ಉಳಿದ ಪೆಟ್ರೋಲು ತಾನಾಗಿಯೇ ಹೊತ್ತಿಕೊಂಡು ಪಿಸ್ಟನ್ನನ್ನು ಸುತ್ತಿಗೆಯಂತೆ ಬಡಿಯುತ್ತದೆ. ಮೆಕ್ಯಾನಿಕರು ಇದಕ್ಕೆ ನಾಕಿಂಗ್ ಎನ್ನುತ್ತಾರೆ.

ಎಲ್.ಎಸ್. ಎಂಜಿನ್ನಿನ ಒಂದು ಸಿಲಿಂಡರಿನ ಅಳತೆ ಸುಮಾರು 458 ಘನ ಸೆಂಟಿಮೀಟರು. ಪಿಸ್ಟನ್ನು ತುದಿಗೆ ಬಂದಾಗ ಮೇಲೆ ಉಳಿಯುವ ಜಾಗ 57 ಆಗಿದ್ದರೆ ಗಾಳಿ ಒಂಬತ್ತರಲ್ಲಿ ಒಂದು ಪಾಲಾಗಿ ಬಿಗಿಯುತ್ತದೆ. ಟರ್ಬೊಗೆ ಇದು ಒಗ್ಗುವ ಅಳತೆ. ಆ ಜಾಗ 48 ಆದರೆ ಹತ್ತೂವರೆಯಲ್ಲಿ ಒಂದು ಪಾಲು. ಬಂಕಿನ ಪೆಟ್ರೋಲು ಹಾಕುವ ಟರ್ಬೊ ಎಂಜಿನ್ನಿಗೆ ಅದು ಅಪಾಯದ ದಾರಿ. ಎರಡಕ್ಕೂ ಇರುವ ಅಂತರ ಒಂಬತ್ತು ಘನ ಸೆಂಟಿಮೀಟರು. ಅಕ್ಕಂದಿರೆ, ನಿಮ್ಮ ಮನೆಯ ಟೀ ಚಮಚದಲ್ಲಿ ಎರಡು ಚಮಚಕ್ಕೂ ಕಡಿಮೆ! ಆ ಜಾಗದಲ್ಲಿ ತಲೆಯ ಗೂಡು, ಗ್ಯಾಸ್ಕೆಟ್ಟಿನ ದಪ್ಪ, ಪಿಸ್ಟನ್ನಿನ ನೆತ್ತಿ ಮೂರೂ ಪಾಲುದಾರರು. ಆದುದರಿಂದ ತಲೆಯನ್ನು ಮಾತ್ರ ಕೊಂಡುತಂದು ಆಮೇಲೆ ಪಿಸ್ಟನ್ನಿನ ಯೋಚನೆ ಮಾಡುವುದು ಹಿಮ್ಮುಖದ ನಡೆ.

ನಾಲ್ಕನೆಯದು ಎಣ್ಣೆ, ಕಸಿಯ ಗಾಯದಲ್ಲಿ ಹರಿಯುವ ರಸ. ವಿಟೆಕ್ ತಲೆಗೆ ಬೇಕಾದ ಎಣ್ಣೆಯ ದಾರಿ ಸಾದಾ ಬುಡದಲ್ಲಿ ಇಲ್ಲ. ತಲೆಯ ಅಡಿಯ ರಂಧ್ರವನ್ನು ಮುಚ್ಚಿ, ಬುಡದ ಹಿಂಭಾಗದಲ್ಲಿ ಎಣ್ಣೆಯ ಒತ್ತಡವನ್ನು ಅಳೆಯುವ ಜಾಗದಿಂದ ಹೊರಗಡೆ ಒಂದು ನಳಿಗೆ ಎಳೆದು ತಲೆಗೆ ಕೊಡುತ್ತಾರೆ. ತಲೆಯನ್ನು ನೇರವಾಗಿ ಕೂರಿಸುವ ಡೋವೆಲ್ ಪಿನ್ನುಗಳೂ ಹೊಂದುವುದಿಲ್ಲ, ಕೊರೆದು ಹೊಂದಿಸಬೇಕು. ಈಗ ಟರ್ಬೊ ಬಂದಿತೆಂದರೆ ಅದರ ಬೇರಿಂಗಿಗೂ ಎಣ್ಣೆ ಬೇಕು. ಸಾಮಾನ್ಯವಾಗಿ ಅದೂ ಅದೇ ಜಾಗದಿಂದಲೇ. ಒಂದು ಬಾವಿಗೆ ಎರಡು ಹಗ್ಗ. ಜೋಡಣೆ ಸಡಿಲವಾಗಿ ನಳಿಗೆ ಸೋರಿದರೆ ತಲೆ, ಟರ್ಬೊ, ಬುಡ ಮೂರೂ ಒಮ್ಮೆಗೇ ಬತ್ತುತ್ತವೆ.

ಇಷ್ಟು ಕೇಳಿದ ಮೇಲೆ ನಾನೊಂದು ದಡ್ಡ ಪ್ರಶ್ನೆ ಕೇಳಿದೆ: “ಆ ಬುಡಕ್ಕೆ ಅದರದೇ ತಲೆ ಇತ್ತಲ್ಲಪ್ಪಾ, ಅದಕ್ಕೇನಾಗಿದೆ?” ಹುಡುಗ ಸುಮ್ಮನಾದ. ಆಮೇಲೆ, “ಏನೂ ಆಗಿಲ್ಲ ಸಾರ್” ಎಂದ.

ಹಾಗಾದರೆ ಆರಿಸುವುದಕ್ಕೆ ಇರುವ ತಲೆಗಳು ನಾಲ್ಕು. ಒಂದು, ಬುಡದ ಸ್ವಂತ ತಲೆ. ಇದಕ್ಕೆ ಕೊರೆತವಿಲ್ಲ, ಹೊರಗಿನ ನಳಿಗೆಯಿಲ್ಲ, ಲೆಕ್ಕ ತಪ್ಪುವ ಭಯ ಕಡಿಮೆ. ಅರ್ಧ ಬಾರ್ ಒತ್ತಡದ ಮಿತವಾದ ಟರ್ಬೊಗೆ ಇದೇ ಸಾಕು. ಎರಡು, ಬಿ-16-ಎ ತಲೆ. ವಿಟೆಕ್ ಬೇಕೇಬೇಕು ಎಂಬವರಿಗೆ ಇದು ಒಳ್ಳೆಯ ಮನೆತನದ ಸಾಧಾರಣ ಮಗ. ಇದಕ್ಕೆ ಹೊಂದುವ ಗಾಳಿಕೊಳವೆಗಳು ಹಲವು ಬಗೆಯವು ದೊರೆಯುತ್ತವೆ. ಮೂರು, ಜಿ.ಎಸ್.-ಆರ್ ಎಂಬ ಮಾದರಿಯ ತಲೆ. ಇದೂ ಕೆಟ್ಟದ್ದಲ್ಲ, ಆದರೆ ಇದರ ಗಾಳಿಕೊಳವೆ ಎರಡು ದಾರಿಯದು, ಕೂರುವ ಮುಖದ ಅಳತೆ ಬೇರೆ. ಬಿ-16-ಎ ತಲೆಯ ಕೊಳವೆ ಇದಕ್ಕೆ ಕೂಡದು. ತಲೆಯ ಬೆಲೆಯ ಜೊತೆಗೆ ಕೊಳವೆಯ ಬೆಲೆಯನ್ನೂ ಸೇರಿಸಿಯೇ ನೋಡಬೇಕು. ನಾಲ್ಕು, ಟೈಪ್-ಆರ್ ತಲೆ. ಇದರ ಗಾಳಿದಾರಿಯನ್ನು ಕಾರ್ಖಾನೆಯಲ್ಲಿ ಕೈಯಿಂದ ನುಣುಪು ಮಾಡಿದ್ದರು; ಒಳಬರುವ ವಾಲ್ವುಗಳು ಹಗುರ, ಸ್ಪ್ರಿಂಗು ಜೋಡಿ. ಎಲ್ಲವೂ ಸುಂದರ, ಎಲ್ಲವೂ 8000 ಸುತ್ತಿನ ಮೇಲಿನ ಓಟಕ್ಕೆ. ಅದರ ಕ್ಯಾಮುಗಳು ಒಳಬಾಗಿಲನ್ನೂ ಹೊರಬಾಗಿಲನ್ನೂ ಹೆಚ್ಚು ಹೊತ್ತು ಒಟ್ಟಿಗೆ ತೆರೆದಿಡುತ್ತವೆ. ತಾನೇ ಉಸಿರೆಳೆಯುವ ಎಂಜಿನ್ನಿಗೆ ಅದು ಗುಣ. ಟರ್ಬೊದಲ್ಲಿ ಹೊರಬಾಗಿಲ ಕಡೆಯೂ ಒತ್ತಡವಿರುವುದರಿಂದ ಹೊಗೆ ಹಿಂದಕ್ಕೆ ನುಗ್ಗುವುದಕ್ಕೆ ಅವಕಾಶವಾಗುತ್ತದೆ. ಕೊಂಡವನು ಹೆಚ್ಚು ಹಣ ಕೊಡುವುದು ತನ್ನ ಗಾಡಿ ಬಳಸಿಕೊಳ್ಳಲಾರದ ಗುಣಕ್ಕೆ.

ಬುಡದ ಬಗೆಗೂ ಒಂದು ಮಾತು. ಸಿ.ಆರ್.-ವಿ ಕಾರಿನ ಬಿ-20 ಬುಡ ಇನ್ನೂ ದೊಡ್ಡದು. ಆದರೆ ಈ ಮನೆತನದಲ್ಲಿ ಸಿಲಿಂಡರಿನ ನಡುವಿನಿಂದ ಸಿಲಿಂಡರಿನ ನಡುವಿಗೆ 90 ಮಿಲಿಮೀಟರೇ ದೂರ. 84 ಮಿಲಿಮೀಟರಿನ ತೂತು ಕೊರೆದ ಮೇಲೆ ಎರಡರ ನಡುವೆ ಉಳಿಯುವ ಗೋಡೆ ಆರೇ ಮಿಲಿಮೀಟರು, 81ರ ಎಲ್.ಎಸ್. ಬುಡದಲ್ಲಿ ಒಂಬತ್ತು. ಟರ್ಬೊದ ಹೊಡೆತಕ್ಕೆ ದಪ್ಪ ಗೋಡೆಯೇ ಲೇಸು.

ಯಾವ ತಲೆಯಾದರೂ ಅದು ಹಳೆಯ ಗಾಡಿಯಿಂದ ಕಳಚಿದ್ದೇ. ಹೆಸರಿಗಿಂತ ಅದರ ಆರೋಗ್ಯ ಮುಖ್ಯ. ತಲೆಯ ಅಡಿಮುಖದ ಮೇಲೆ ನೇರಪಟ್ಟಿಯಿಟ್ಟು ಸಂದಿಯನ್ನು ಅಳೆಯಬೇಕು. 0.05 ಮಿಲಿಮೀಟರಿನ ಒಳಗಿದ್ದರೆ ಸರಿ, ಅಲ್ಲಿಂದ 0.2ರವರೆಗೆ ಹೆರೆಯಿಸಿ ಸಮಮಾಡಬಹುದು. ಹೆರೆದಷ್ಟೂ ಬೆಂಕಿಗೂಡು ಕಿರಿದಾಗುತ್ತದೆ ಎಂಬುದನ್ನು ಮರೆಯಬಾರದು. ಒತ್ತಡ ಹಾಕಿ ಬಿರುಕು ನೋಡಿಸಬೇಕು. ವಾಲ್ವಿನ ಗೈಡುಗಳು ಸವೆದಿವೆಯೇ, ಕ್ಯಾಮಿನ ಉಬ್ಬುಗಳಲ್ಲಿ ಗೀರಿದೆಯೇ ಎಂದು ನೋಡಬೇಕು. ಹೆಸರಾಂತ ತಲೆಯೊಂದು ಸೊಟ್ಟಗಿದ್ದರೆ ನೆಟ್ಟಗಿರುವ ಸಾದಾ ತಲೆಯೇ ಅದಕ್ಕಿಂತ ಮೇಲು.

ನಮ್ಮ ದೇಶದ ಕಾನೂನನ್ನೂ ಇಲ್ಲಿ ಹೇಳಬೇಕು. ಗಾಡಿಯ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾರ್ಪಾಟು ಮಾಡಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಈ ಭಾಷಣ ಕೇಳಿ ಯಾವ ತರುಣನೂ ಮನೆಯ ಕಾರಿನ ತಲೆಗೆ ಕೈಹಾಕದಿರಲಿ!

ಮೂರನೆಯ ಸಂಜೆ ಹುಡುಗ ತಾನೇ ತೀರ್ಮಾನಕ್ಕೆ ಬಂದ. “ಸ್ವಂತ ತಲೆಯೇ ಸಾಕು ಎಂದು ಲೆಕ್ಕ ಹೇಳುತ್ತದೆ ಸಾರ್. ಆದರೆ ಕಸಿ ಕಟ್ಟುವ ಆಸೆ ನನಗೆ ಹೋಗುವುದಿಲ್ಲ. ಬಿ-16-ಎ ತಲೆ ಕೊಳ್ಳುತ್ತೇನೆ. ಉಳಿದ ಹಣದಲ್ಲಿ ಮೊದಲು ಗಟ್ಟಿ ರಾಡು, ತಕ್ಕ ಪಿಸ್ಟನ್ನು, ಎಣ್ಣೆಯ ನಳಿಗೆ. 7000ಕ್ಕೆ ಕಡಿವಾಣ ಹಾಕುತ್ತೇನೆ” ಎಂದ. ಆಸೆಯನ್ನು ಆಸೆಯೆಂದು, ಲೆಕ್ಕವನ್ನು ಲೆಕ್ಕವೆಂದು ಬೇರೆಯಾಗಿ ಹೇಳಿದನಲ್ಲ ಎಂದು ನನಗೆ ಸಂತೋಷವಾಯಿತು. ನಾನು ಅಡ್ಡ ಮಾತನಾಡಲಿಲ್ಲ.

ತಂದೆ ಇಷ್ಟು ಹೊತ್ತೂ ಮೌನವಾಗಿದ್ದರು. ಅವರಿಗೆ ವಿಟೆಕ್ ಗೊತ್ತಿಲ್ಲ. ಆದರೆ ಗಿರಣಿಯ ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ ಇಪ್ಪತ್ತು ವರ್ಷ ನಿಂತವರು. ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತ, “ಆ ಎಣ್ಣೆ ನಳಿಗೆ ಹಾಕಿದ ಮೇಲೆ ಬರೀ ಎಂಜಿನ್ನು ಓಡಿಸಿ ಒಂದು ಗಂಟೆ ನೋಡು. ಕೆಳಗೆ ಕಾಗದ ಹಾಸು. ಒಂದು ತೊಟ್ಟು ಬಿದ್ದರೂ ಬಿಚ್ಚಿ ಮತ್ತೆ ಕಟ್ಟು” ಎಂದರು. ಹುಡುಗ ಜೇಬಿನಿಂದ ಚೀಟಿ ತೆಗೆದು ಅದನ್ನು ಬರೆದುಕೊಂಡ.

ಮೊನ್ನೆ ಅವನಿಂದ ಒಂದು ಚಿತ್ರ ಬಂದಿದೆ. ನೆಲದ ಮೇಲೆ ಹಾಸಿದ ಕಾಗದ. ಅದರ ಮೇಲೆ ಒಂದು ಕಲೆಯೂ ಇಲ್ಲ.